ಮೊಳಕೆಯಲ್ಲಿ ಕಾಣದ ಓಟ

ಬೆಳೆಯುವ ಸಿರಿ ಮೊಳಕೆಯಲ್ಲೇ ಕಾಣುತ್ತದೆ ಅನ್ನುವ ಗಾದೆಯನ್ನು ದೂರದ ಓಟದ ಮಟ್ಟಿಗೆ ನಂಬುವಂತಿಲ್ಲ. ಅಮೆರಿಕದ ಕ್ಯಾನ್ಸಸ್ ರಾಜ್ಯದ ವಿಚಿಟಾ ಊರಿನ ಜಿಮ್ ರಯನ್ ಎಂಬ ಹುಡುಗನನ್ನು ಕಿರಿಯ ಪ್ರೌಢಶಾಲೆಯ ಓಟದ ತಂಡಕ್ಕೆ ಸೇರಿಸಿಕೊಂಡಿರಲಿಲ್ಲ. ಚರ್ಚಿನ ಬೇಸ್‌ಬಾಲ್ ತಂಡಕ್ಕೂ ಅವನು ಬೇಡವಾಗಿದ್ದ. 1962ರಲ್ಲಿ ಈಸ್ಟ್ ಹೈಸ್ಕೂಲು ಸೇರಿದವನು ಗುಡ್ಡಗಾಡು ಓಟಕ್ಕೆ ಹೆಸರು ಕೊಟ್ಟ. ಮೊದಮೊದಲು ಒಂದು ಮೈಲಿ ಓಡಲು ಅವನಿಗೆ 5 ನಿಮಿಷ 38 ಸೆಕೆಂಡು ಬೇಕಾಗಿತ್ತು. ಅಲ್ಲಿ ಬಾಬ್ ಟಿಮ್ಮನ್ಸ್ ಎಂಬ ಕೋಚ್ ಇದ್ದರು. ಈಜುಗಾರರನ್ನೂ ಪಳಗಿಸಿದ್ದ ಅವರು ಮತ್ತೆ ಮತ್ತೆ ಓಡಿಸಿ, ನಡುನಡುವೆ ಉಸಿರಾಡಲು ಬಿಟ್ಟು, ಹುಡುಗರ ದಮ್ಮು ಬೆಳೆಸುತ್ತಿದ್ದರು. 1964ರ ಜೂನ್‌ನಲ್ಲಿ ರಯನ್ ಅದೇ ಮೈಲಿಯನ್ನು 3 ನಿಮಿಷ 59 ಸೆಕೆಂಡಿನಲ್ಲಿ ಮುಗಿಸಿದ. ಹೈಸ್ಕೂಲಿನಲ್ಲಿರುವಾಗಲೇ ನಾಲ್ಕು ನಿಮಿಷದೊಳಗೆ ಮೈಲಿ ಓಡಿದ ಮೊದಲ ಅಮೆರಿಕನ್ ಹುಡುಗ ಅವನೇ. ಎರಡು ವರ್ಷ ಕಳೆದ ಮೇಲೆ, ಹತ್ತೊಂಬತ್ತನೆಯ ವಯಸ್ಸಿಗೆ, ವಿಶ್ವದಾಖಲೆಯೂ ಅವನದಾಯಿತು.

ಇದು ಕೋಚ್‌ನ ಗೆಲುವೋ, ಹುಟ್ಟುಪ್ರತಿಭೆಯದೋ? ಟಿಮ್ಮನ್ಸ್ ಬಳಿ ಓಡಿದ ಎಲ್ಲರೂ ರಯನ್ ಆಗಲಿಲ್ಲವಲ್ಲ ಎಂದು ಒಬ್ಬರು ಹೇಳುತ್ತಾರೆ. ಟಿಮ್ಮನ್ಸ್ ಸಿಗದೇ ಹೋಗಿದ್ದರೆ ರಯನ್ ಎಂಬ ಓಟಗಾರನೇ ಇರುತ್ತಿರಲಿಲ್ಲ ಎಂದು ಇನ್ನೊಬ್ಬರು. ಇಬ್ಬರ ಮಾತೂ ನಿಜ. ಆದರೆ ಎರಡಕ್ಕೂ ಸಮಪಾಲು ಕೊಟ್ಟು ಕೈತೊಳೆದುಕೊಳ್ಳುವುದು ಸರಿಯಲ್ಲ. ಪ್ರೌಢಶಾಲೆಯ ವಯಸ್ಸಿನಲ್ಲಿ, ಅದೂ ದೂರದ ಓಟದಲ್ಲಿ, ತಕ್ಕಡಿ ಕೋಚ್‌ನ ಕಡೆಗೇ ವಾಲುತ್ತದೆ. ಯಾಕೆಂದರೆ ತರಬೇತಿ ಶುರುವಾಗುವ ತನಕ ಪ್ರತಿಭೆಯ ಮುಖ್ಯವಾದ ಭಾಗವೊಂದು ಯಾರ ಕಣ್ಣಿಗೂ ಬೀಳುವುದೇ ಇಲ್ಲ.

ಈ ಮಾತಿಗೆ ಆಧಾರವಿದೆ. 1990ರ ದಶಕದಲ್ಲಿ ಕ್ಲಾಡ್ ಬುಷಾರ್ ಮತ್ತು ಸಂಗಡಿಗರು ‘ಹೆರಿಟೇಜ್’ ಎಂಬ ಹೆಸರಿನ ದೊಡ್ಡ ಅಧ್ಯಯನ ನಡೆಸಿದರು. ವ್ಯಾಯಾಮದ ಅಭ್ಯಾಸವೇ ಇಲ್ಲದ ಕುಟುಂಬಗಳನ್ನು, ತಂದೆ ತಾಯಿ ಮಕ್ಕಳ ಸಮೇತ, ಒಂದೇ ಕ್ರಮದಲ್ಲಿ 20 ವಾರ ನಿಂತಲ್ಲೇ ತುಳಿಯುವ ಸೈಕಲ್ ಮೇಲೆ ಪಳಗಿಸಿದರು. ಪ್ರತಿಯೊಬ್ಬರ ದೇಹ ನಿಮಿಷಕ್ಕೆ ಎಷ್ಟು ಆಮ್ಲಜನಕ ಬಳಸಬಲ್ಲದು ಎಂಬುದನ್ನು ಮೊದಲೊಮ್ಮೆ, ಕೊನೆಗೊಮ್ಮೆ ಅಳೆದರು. ಸರಾಸರಿ ಏರಿಕೆ ಸುಮಾರು 400 ಮಿಲಿಲೀಟರ್. ಆದರೆ ಸರಾಸರಿಯ ಹಿಂದೆ ಅಜಗಜಾಂತರವಿತ್ತು: ಕೆಲವರಲ್ಲಿ ಏರಿಕೆ ಇಲ್ಲವೆನ್ನುವಷ್ಟು ಕಡಿಮೆ, ಕೆಲವರಲ್ಲಿ ಒಂದು ಲೀಟರಿಗೂ ಹೆಚ್ಚು. ಈ ವ್ಯತ್ಯಾಸದಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮನೆತನದಿಂದ ಬಂದದ್ದು ಎಂದು ಲೆಕ್ಕ ಹೇಳಿತು. ಇಲ್ಲಿಗೆ ನಿಲ್ಲಿಸಿದರೆ ಪ್ರತಿಭೆಯ ಪರ ವಾದಿಸುವವರು ಗೆದ್ದಂತೆಯೇ. ಆದರೆ ಅದೇ ಅಧ್ಯಯನದಲ್ಲಿ ಇನ್ನೊಂದು ಸಂಗತಿಯಿದೆ. ಮೊದಲ ದಿನ ಯಾರ ದಮ್ಮು ಎಷ್ಟಿತ್ತು ಎಂಬುದಕ್ಕೂ ಇಪ್ಪತ್ತು ವಾರಗಳಲ್ಲಿ ಯಾರು ಎಷ್ಟು ಬೆಳೆದರು ಎಂಬುದಕ್ಕೂ ಹೇಳಿಕೊಳ್ಳುವಂಥ ನಂಟು ಇರಲಿಲ್ಲ. ಹಾಗಾದರೆ ಹುಟ್ಟುಪ್ರತಿಭೆ ಎನ್ನುವುದರಲ್ಲಿ ಎರಡು ಬೇರೆ ಬೇರೆ ಗುಣಗಳಿವೆ: ಎಲ್ಲಿಂದ ಹೊರಡುತ್ತೇವೆ ಎಂಬುದು ಒಂದು, ತರಬೇತಿಗೆ ಮೈ ಎಷ್ಟು ಬಗ್ಗುತ್ತದೆ ಎಂಬುದು ಇನ್ನೊಂದು. ಒಂದು ದಿನ ಮಕ್ಕಳನ್ನೆಲ್ಲ ಓಡಿಸಿ ಮುಂದೆ ಬಂದವರ ಹೆಸರು ಬರೆದುಕೊಳ್ಳುವ ಮೇಷ್ಟರಿಗೆ ಮೊದಲನೆಯದಷ್ಟೇ ಕಾಣುತ್ತದೆ. ಎರಡನೆಯದು ಕಾಣಬೇಕಾದರೆ ತಿಂಗಳುಗಟ್ಟಲೆ ಓಡಿಸಬೇಕು.

ತಿಂಗಳುಗಟ್ಟಲೆ ಎಂದರೂ ಕಡಿಮೆಯೇ. ಓಡುತ್ತಾ ಹೋದಂತೆ ಹೃದಯ ಒಂದು ಬಡಿತಕ್ಕೆ ಹೆಚ್ಚು ರಕ್ತ ತಳ್ಳಲು ಕಲಿಯುತ್ತದೆ, ಸ್ನಾಯುಗಳಲ್ಲಿ ಸೂಕ್ಷ್ಮ ರಕ್ತನಾಳಗಳು ದಟ್ಟವಾಗುತ್ತವೆ, ಜೀವಕೋಶದೊಳಗೆ ಶಕ್ತಿ ಉತ್ಪಾದಿಸುವ ಮೈಟೋಕಾಂಡ್ರಿಯಗಳು ಹೆಚ್ಚುತ್ತವೆ. ಎಲುಬು ಮತ್ತು ಸ್ನಾಯುರಜ್ಜು ಗಟ್ಟಿಯಾಗುವುದು ಇವೆಲ್ಲಕ್ಕಿಂತ ನಿಧಾನ. ಉಸಿರು ಸಿದ್ಧವಾದ ಹುಡುಗನ ಮೊಣಕಾಲಿನ ಕೆಳಗಿನ ಎಲುಬು ಇನ್ನೂ ಸಿದ್ಧವಾಗಿರುವುದಿಲ್ಲ. ಅವಸರ ಮಾಡಿದರೆ ಅಲ್ಲೇ ಸಣ್ಣ ಬಿರುಕು ಬೀಳುತ್ತದೆ. ಆದ್ದರಿಂದ ಒಳ್ಳೆಯ ಕೋಚ್‌ನ ಕೆಲಸ ನೋಡುವವರಿಗೆ ಬೇಸರ ಹುಟ್ಟಿಸುವಂಥದ್ದು. ವಾರದ ಹೆಚ್ಚಿನ ಓಟವನ್ನು ಮಾತಾಡಿಕೊಂಡು ಓಡಬಹುದಾದ ವೇಗದಲ್ಲಿ ಮುಗಿಸುವುದು, ಒಂದೆರಡು ದಿನ ಮಾತ್ರ ಬಿರುಸಾಗಿ ಓಡಿಸುವುದು, ದೂರವನ್ನು ಸ್ವಲ್ಪಸ್ವಲ್ಪವೇ ಏರಿಸುವುದು, ಮಕ್ಕಳು ನಾಲ್ಕು ವರ್ಷ ಬಿಟ್ಟುಹೋಗದಂತೆ ನೋಡಿಕೊಳ್ಳುವುದು. ನೂರು ಮೀಟರ್ ಓಟದಲ್ಲಿ ಹುಟ್ಟಿನಿಂದ ಬಂದ ವೇಗಕ್ಕೆ ಇಷ್ಟೊಂದು ಸೇರಿಸಲು ಯಾವ ಕೋಚ್‌ಗೂ ಆಗದು.

ತರಬೇತಿಯ ಕೈವಾಡವನ್ನು ಅಳೆಯಲು ಅಮೆರಿಕದ ಹೈಸ್ಕೂಲು ಗುಡ್ಡಗಾಡು ಓಟ ಒಳ್ಳೆಯ ಜಾಗ, ಅದರ ಅಂಕದ ಲೆಕ್ಕ ಹಾಗಿದೆ. ಒಂದು ತಂಡದಿಂದ ಏಳು ಜನ ಓಡುತ್ತಾರೆ, ಮೊದಲ ಐವರ ಸ್ಥಾನಗಳನ್ನು ಕೂಡುತ್ತಾರೆ, ಮೊತ್ತ ಕಡಿಮೆ ಇದ್ದ ತಂಡ ಗೆಲ್ಲುತ್ತದೆ. ಒಂದು ಶಾಲೆಯಲ್ಲಿ ಅಸಾಮಾನ್ಯ ಹುಡುಗನೊಬ್ಬ ಮೊದಲು ಬಂದು, ಉಳಿದ ನಾಲ್ವರು 40, 55, 70, 90ನೆಯವರಾದರೆ ಮೊತ್ತ 256. ಇನ್ನೊಂದು ಶಾಲೆಯವರಲ್ಲಿ ಯಾರೂ ಮೊದಲ ಹತ್ತರಲ್ಲಿಲ್ಲ, ಆದರೆ ಐವರೂ 12, 15, 18, 22, 26ನೆಯ ಸ್ಥಾನದಲ್ಲಿದ್ದರೆ ಮೊತ್ತ 93. ಗೆದ್ದದ್ದು ಎರಡನೆಯ ಶಾಲೆ. ಮೊದಲನೆಯವನನ್ನು ದೇವರು ಕೊಟ್ಟ ಎನ್ನೋಣ. ಐದನೆಯವನನ್ನು ಯಾರಾದರೂ ತಯಾರು ಮಾಡಿಯೇ ಇರಬೇಕು. ಷಿಕಾಗೊ ಪಕ್ಕದ ಎಲ್ಮ್‌ಹರ್ಸ್ಟ್‌ನ ಯಾರ್ಕ್ ಹೈಸ್ಕೂಲಿನಲ್ಲಿ ಜೋ ನ್ಯೂಟನ್ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಇದನ್ನೇ ಮಾಡಿದರು. ಅವರ ತಂಡ ಇಲಿನಾಯ್ ರಾಜ್ಯದ ಪ್ರಶಸ್ತಿಯನ್ನು 28 ಸಲ ಗೆದ್ದಿತು. ಏಳು ಜನರ ತಂಡಕ್ಕೆ ಒಂದೊಂದು ವರ್ಷ ಇನ್ನೂರರ ಆಸುಪಾಸು ಹುಡುಗರು ಅಭ್ಯಾಸಕ್ಕೆ ಬರುತ್ತಿದ್ದರು. ನ್ಯೂಟನ್ ಅಷ್ಟೂ ಹುಡುಗರ ಕೈಕುಲುಕುತ್ತಿದ್ದರು. ಕಟ್ಟಕಡೆಯಲ್ಲಿ ಬರುವವನಿಗೂ ತನ್ನನ್ನು ಕೋಚ್ ನೋಡಿದ್ದಾರೆ ಎಂಬುದು ಗೊತ್ತಿರುತ್ತಿತ್ತು. ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್ ಬಳಿಯ ಫೇಯೆಟ್‌ವಿಲ್-ಮ್ಯಾನ್ಲಿಯಸ್ ಶಾಲೆಯಲ್ಲಿ ಬಿಲ್ ಆರಿಸ್ ಅವರ ಹುಡುಗಿಯರ ತಂಡ 2006ರಿಂದ 2017ರವರೆಗಿನ 12 ವರ್ಷಗಳಲ್ಲಿ 11 ಸಲ ರಾಷ್ಟ್ರಮಟ್ಟದ ನೈಕಿ ಗುಡ್ಡಗಾಡು ಓಟ ಗೆದ್ದಿತು. ಹೈಸ್ಕೂಲು ನಾಲ್ಕು ವರ್ಷದ್ದು. ಹನ್ನೆರಡು ವರ್ಷಗಳಲ್ಲಿ ತಂಡದ ಮಕ್ಕಳೆಲ್ಲ ಮೂರು ಸಲ ಬದಲಾಗಿದ್ದಾರೆ. ಬದಲಾಗದೆ ಉಳಿದವರು ಕೋಚ್ ಒಬ್ಬರೇ.

ಇವು ದೊಡ್ಡ, ಅನುಕೂಲಸ್ಥರ ಶಾಲೆಗಳಲ್ಲವೇ ಎಂಬ ಆಕ್ಷೇಪವಿದೆ. ಹೌದು. ಆದರೆ ಅಷ್ಟೇ ದೊಡ್ಡ, ಅಷ್ಟೇ ಸಿರಿವಂತ ಶಾಲೆಗಳು ಆ ನಗರಗಳ ಸುತ್ತ ಬೇಕಾದಷ್ಟಿವೆ; ಅವುಗಳಿಗೆ ಈ ಸರಣಿ ದಕ್ಕಲಿಲ್ಲ. ಗೆಲ್ಲುವ ಶಾಲೆಗೆ ಓಡುವ ಮಕ್ಕಳಿರುವ ಮನೆಯವರು ಹುಡುಕಿಕೊಂಡು ಬರುತ್ತಾರೆ ಎಂಬ ಇನ್ನೊಂದು ಆಕ್ಷೇಪ ಸ್ವಲ್ಪ ಗಟ್ಟಿಯಾದದ್ದು. ಆದರೂ ಮೊದಲ ಗೆಲುವು ಬರುವ ತನಕ ಯಾರೂ ಹುಡುಕಿಕೊಂಡು ಬರುವುದಿಲ್ಲ ಎಂಬುದನ್ನು ಅದು ಮರೆಯುತ್ತದೆ. ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ ಕ್ಯಾಲಿಫೋರ್ನಿಯಾದ ನ್ಯೂಬರಿ ಪಾರ್ಕ್ ಹೈಸ್ಕೂಲಿನದು. 2021ರ ಡಿಸೆಂಬರಿನಲ್ಲಿ ಅಲಬಾಮಾದ ಹಂಟ್ಸ್‌ವಿಲ್‌ನಲ್ಲಿ ನಡೆದ ರಾಷ್ಟ್ರೀಯ ಸ್ಪರ್ಧೆಯಲ್ಲಿ ಮೊದಲ ಮೂರೂ ಸ್ಥಾನ ಆ ಒಂದೇ ಶಾಲೆಯ ಪಾಲಾದವು. ಕೋಚ್ ಷಾನ್ ಬ್ರಾಸ್ನನ್ ಹೆಸರು ದೇಶವೆಲ್ಲ ಹಬ್ಬಿತು. ಆದರೆ ಮೊದಲು ಬಂದ ಕಾಲಿನ್ ಸಾಲ್ಮನ್‌ನ ತಮ್ಮ ಏರನ್ ಕೂಡ ಅದೇ ತಂಡದವನು. ಎರಡು, ಮೂರನೆಯ ಸ್ಥಾನದ ಲಿಯೊ ಮತ್ತು ಲೆಕ್ಸ್ ಯಂಗ್ ಅವಳಿಗಳು, ಅವರ ಅಣ್ಣ ನಿಕೊ ಯಂಗ್ ಅದೇ ಶಾಲೆಯಲ್ಲಿ ಓಡಿ ಮುಂದೆ 2024ರ ಪ್ಯಾರಿಸ್ ಒಲಿಂಪಿಕ್ಸಿನ 10,000 ಮೀಟರ್ ಓಟಕ್ಕೆ ಹೋದವನು. ಎರಡೇ ಮನೆಗಳಿಂದ ಇಷ್ಟು ಜನ! ಇಲ್ಲಿ ರಕ್ತದ ಪಾತ್ರವೇ ಇಲ್ಲ ಎಂದರೆ ಯಾರೂ ಒಪ್ಪಲಾರರು, ನಾನೂ ಒಪ್ಪುವುದಿಲ್ಲ. ಶಿಖರ ಎಷ್ಟು ಎತ್ತರ ಎಂಬುದನ್ನು ಹುಟ್ಟೇ ತೀರ್ಮಾನಿಸುತ್ತದೆ. ಆದರೆ ಒಂದು ತಂಡವಾಗಿ ಗೆಲ್ಲಲು ಆ ಎರಡು ಮನೆಗಳ ಆಚೆಯ ಹುಡುಗನೂ ಅಂಕ ತರಲೇಬೇಕಿತ್ತು.

ಕೆನ್ಯಾದ ಮಾತು ಬರದೆ ಈ ಚರ್ಚೆ ಮುಗಿಯುವುದಿಲ್ಲ. ಸಮುದ್ರಮಟ್ಟದಿಂದ ಸುಮಾರು 2,400 ಮೀಟರ್ ಎತ್ತರದ ಇಟೆನ್ ಊರಿನ ಸೇಂಟ್ ಪ್ಯಾಟ್ರಿಕ್ಸ್ ಹೈಸ್ಕೂಲಿಗೆ 1976ರಲ್ಲಿ ಐರ್ಲೆಂಡಿನಿಂದ ಭೂಗೋಳ ಕಲಿಸಲು ಬಂದ ಬ್ರದರ್ ಕಾಮ್ ಓ’ಕಾನೆಲ್‌ಗೆ ಓಟದ ತರಬೇತಿಯ ಗಂಧವೂ ಇರಲಿಲ್ಲ. 1988ರ ಸೋಲ್ ಒಲಿಂಪಿಕ್ಸಿನಲ್ಲಿ 1,500 ಮೀಟರ್ ಚಿನ್ನ ಗೆದ್ದ ಪೀಟರ್ ರೊನೊ ಆ ಶಾಲೆಯವನು. 2012ರ ಲಂಡನ್‌ನಲ್ಲಿ 800 ಮೀಟರನ್ನು 1 ನಿಮಿಷ 40.91 ಸೆಕೆಂಡಿನಲ್ಲಿ ಓಡಿ ದಾಖಲೆ ಬರೆದ ಡೇವಿಡ್ ರುಡಿಷಾ ಕೂಡ ಓ’ಕಾನೆಲ್ ಅವರ ಶಿಷ್ಯ. ಅನುಭವವಿಲ್ಲದ ಮೇಷ್ಟರೂ ಇಷ್ಟು ಸಾಧಿಸಿದರೆಂದರೆ ಮಣ್ಣಿನಲ್ಲೇ ಪ್ರತಿಭೆ ಇತ್ತೆಂದಲ್ಲವೇ? ಇತ್ತು. ರುಡಿಷಾನ ತಂದೆಯೇ 1968ರ ಒಲಿಂಪಿಕ್ಸಿನಲ್ಲಿ ರಿಲೇ ಬೆಳ್ಳಿ ಗೆದ್ದವರು. ಆದರೆ ಅದೇ ಎತ್ತರ, ಅದೇ ಜನ ರಿಫ್ಟ್ ಕಣಿವೆಯ ಎಷ್ಟೋ ಶಾಲೆಗಳಿಗೂ ಇದ್ದಾರೆ. ಒಂದು ಶಾಲೆಗೆ ಮಾತ್ರ ಈ ಹೆಸರು ಬಂದದ್ದಕ್ಕೆ ಅಲ್ಲಿ ದಶಕಗಟ್ಟಲೆ ಬೇರೂರಿ ನಿಂತು, ಪುಸ್ತಕಕ್ಕಿಂತ ಹೆಚ್ಚಾಗಿ ಹುಡುಗರನ್ನೇ ನೋಡಿ ಕಲಿತ ಒಬ್ಬರಿದ್ದರು ಎಂಬುದೂ ಕಾರಣ.

ಅಮೆರಿಕದ್ದೇ ಇನ್ನೊಂದು ಸಾಕ್ಷಿ ನೋಡಿ. ರಯನ್ ನಂತರ 1966ರಲ್ಲಿ ಒಬ್ಬ, 1967ರಲ್ಲಿ ಇನ್ನೊಬ್ಬ ಹೈಸ್ಕೂಲು ಹುಡುಗ ನಾಲ್ಕು ನಿಮಿಷದ ಗೆರೆ ದಾಟಿದರು. ಆಮೇಲೆ 2001ರಲ್ಲಿ ಅಲನ್ ವೆಬ್ ಬರುವ ತನಕ 34 ವರ್ಷ ಒಬ್ಬನೂ ಇಲ್ಲ. ಈಚೆಗೆ ಆ ಗೆರೆ ದಾಟುವ ಹುಡುಗರು ಮೇಲಿಂದ ಮೇಲೆ ಬರುತ್ತಿದ್ದಾರೆ. ಹೊಸ ಬಗೆಯ ಪುಟಿಯುವ ಷೂಗಳ ಪಾಲು ಇದರಲ್ಲಿದೆ, ಒಪ್ಪೋಣ. ಆದರೆ ವೆಬ್ ಓಡುವಾಗ ಆ ಷೂಗಳು ಇರಲಿಲ್ಲ. ಮೂವತ್ತನಾಲ್ಕು ವರ್ಷ ಅಷ್ಟು ದೊಡ್ಡ ದೇಶದಲ್ಲಿ ಪ್ರತಿಭೆ ಹುಟ್ಟುವುದು ನಿಂತುಹೋಗಿತ್ತು ಎಂದು ನಂಬುವುದು ಕಷ್ಟ. ಹುಟ್ಟಿದ್ದನ್ನು ಬೆಳೆಸುವ ಕ್ರಮ ಸಡಿಲವಾಗಿತ್ತು ಎಂದರೆ ನಂಬಬಹುದು.

ಕೋಚ್‌ಗೆ ಇಷ್ಟು ಶಕ್ತಿ ಇದೆ ಎಂದರೆ ಕೆಡಿಸುವ ಶಕ್ತಿಯೂ ಇದೆ ಎಂದಾಯಿತು. ಹದಿನಾಲ್ಕು, ಹದಿನೈದರ ಹುಡುಗಿಯರ ಮೈ ಬದಲಾಗುವಾಗ ಓಟ ಒಂದೆರಡು ವರ್ಷ ಮಂದವಾಗುವುದು ಸಹಜ. ಆಗ ತೂಕ ಇಳಿಸು ಎಂದು ಊಟಕ್ಕೆ ಕತ್ತರಿ ಹಾಕಿಸುವ ಕೋಚ್ ಮುಟ್ಟು ನಿಲ್ಲುವುದಕ್ಕೆ, ಎಲುಬು ಬಿರುಕು ಬಿಡುವುದಕ್ಕೆ ದಾರಿ ಮಾಡಿಕೊಡುತ್ತಾನೆ. ಹುಡುಗರಲ್ಲಿ ಬೇಗ ಮೀಸೆ ಬಂದವನು ಒಂಬತ್ತನೆಯ ತರಗತಿಯಲ್ಲಿ ಗೆಲ್ಲುತ್ತಾನೆ, ಅದನ್ನೇ ಪ್ರತಿಭೆ ಎಂದು ತಿಳಿದು ಉಳಿದವರನ್ನು ಮನೆಗೆ ಕಳಿಸಿರುತ್ತಾರೆ.

ನಮ್ಮ ಪ್ರೌಢಶಾಲೆಗಳಲ್ಲಿ ನಡೆಯುತ್ತಿರುವುದು ಹೆಚ್ಚುಕಡಿಮೆ ಇದೇ. ಜೂನ್‌ನಲ್ಲಿ ಶಾಲೆ ತೆರೆಯುತ್ತದೆ, ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ಹೋಬಳಿ, ತಾಲ್ಲೂಕು ಕ್ರೀಡಾಕೂಟ. ಆ ನಡುವೆ ಒಂದು ಮಧ್ಯಾಹ್ನ ಮಕ್ಕಳನ್ನು ಓಡಿಸಿ ಮುಂದಿದ್ದವರನ್ನು ಆರಿಸಿ, ಸೋತವರಿಗೆ ಮುಂದಿನ ವರ್ಷ ನೋಡೋಣ ಎನ್ನುತ್ತೇವೆ. ಮೂರು ಸಾವಿರ ಮೀಟರ್ ಓಟಕ್ಕೆ ಎರಡು ತಿಂಗಳ ತಯಾರಿ ಏನೂ ಅಲ್ಲ. ದೈಹಿಕ ಶಿಕ್ಷಕರೇ ಇಲ್ಲದ ಶಾಲೆಗಳು ಎಷ್ಟೋ ಇವೆ, ಇರುವವರಿಗೆ ಬೇರೆ ನೂರೆಂಟು ಕೆಲಸಗಳಿವೆ ಎಂಬುದು ಗೊತ್ತಿದ್ದದ್ದೇ. ಆದರೂ ಎಂಟನೆಯ ತರಗತಿಗೆ ಬಂದ ಮಕ್ಕಳಲ್ಲಿ ಓಡಲು ಇಷ್ಟವಿರುವವರನ್ನೆಲ್ಲ, ಮೊದಲ ದಿನದ ಓಟದಲ್ಲಿ ಕೊನೆಗೆ ಬಂದವರನ್ನೂ ಸೇರಿಸಿ, ಹತ್ತನೆಯ ತರಗತಿ ಮುಗಿಯುವ ತನಕ ವಾರಕ್ಕೆ ನಾಲ್ಕು ದಿನ ನಿಧಾನವಾಗಿ ಓಡಿಸಲು ಮೈದಾನವೊಂದು ಮತ್ತು ಹಟ ಹಿಡಿದ ಮೇಷ್ಟರೊಬ್ಬರು ಸಾಕು. ಅಂಥ ಮೇಷ್ಟರು ನಿಮ್ಮೂರಿನ ಶಾಲೆಯಲ್ಲಿದ್ದರೆ, ಕ್ರೀಡಾಕೂಟದಲ್ಲಿ ಕಪ್ಪು ಬಂತೇ ಎಂದು ಕೇಳಬೇಡಿ. ಬೆಳಿಗ್ಗೆ ಎಷ್ಟು ಮಕ್ಕಳು ಓಡಲು ಬರುತ್ತಿದ್ದಾರೆ ಎಂದು ಕೇಳಿ.