ಥೈರಾಯ್ಡ್ ಮಾತ್ರೆ: ಮೂತ್ರಪಿಂಡ ರೋಗಿಗಳಿಗೆ ಸಮಯಪಾಲನೆಯೇ ಮದ್ದು

ಬಾಗಲಕೋಟೆ: ಥೈರಾಯ್ಡ್ ಕೊರತೆಗೆ ಊರಿನ ವೈದ್ಯರು ಬರೆದ ಮಾತ್ರೆ ಒಂದು, ಮೂತ್ರಪಿಂಡದ ತೊಂದರೆಗೆ ಜಿಲ್ಲಾ ಕೇಂದ್ರದ ತಜ್ಞರು ಬರೆದ ಮಾತ್ರೆಗಳು ಹಲವು. ಬಾದಾಮಿ, ಹುನಗುಂದ, ಇಳಕಲ್‌ಗಳಿಂದ ಚಿಕಿತ್ಸೆಗಾಗಿ ಬಾಗಲಕೋಟೆಗೆ ಬಂದುಹೋಗುವವರ ಕೈಯಲ್ಲಿ ಹೀಗೆ ಎರಡು ಚೀಟಿಗಳಿರುವುದು ಸಹಜ. ಔಷಧಗಳೆಲ್ಲ ಸರಿಯಾಗಿದ್ದರೂ ಒಂದೇ ಹೊತ್ತಿಗೆ ನುಂಗಿದರೆ ಥೈರಾಯ್ಡ್ ಮಾತ್ರೆಯ ಪ್ರಯೋಜನ ಕುಂದುತ್ತದೆ.

ಕಾರಣವೇನು?

ಮೂತ್ರಪಿಂಡ ದುರ್ಬಲಗೊಂಡವರಿಗೆ ರಕ್ತದಲ್ಲಿನ ರಂಜಕವನ್ನು ತಗ್ಗಿಸಲು ಕ್ಯಾಲ್ಸಿಯಂ ಅಥವಾ ಸೆವೆಲಾಮರ್, ರಕ್ತಹೀನತೆಗೆ ಕಬ್ಬಿಣಾಂಶದ ಮಾತ್ರೆ ನೀಡುವುದುಂಟು. ಇವು ಕರುಳಿನಲ್ಲಿ ಥೈರಾಯ್ಡ್ ಹಾರ್ಮೋನ್ ಆದ ಲೆವೊಥೈರಾಕ್ಸಿನ್‌ನೊಂದಿಗೆ ಬೆರೆತು, ಅದು ರಕ್ತ ಸೇರದಂತೆ ತಡೆಯುತ್ತವೆ. ಆಗ ಟಿಎಸ್‌ಎಚ್ ಏರುತ್ತದೆ. ನಿಜವಾದ ಕಾರಣ ತಿಳಿಯದೆ ಮಾತ್ರೆಯ ಪ್ರಮಾಣ ಹೆಚ್ಚಿಸಿದರೆ, ಮುಂದೆ ಕ್ಯಾಲ್ಸಿಯಂ ನಿಲ್ಲಿಸಿದಾಗ ಹಾರ್ಮೋನ್ ಅತಿಯಾಗಿ ಎದೆಬಡಿತ ಏರುಪೇರಾಗಬಹುದು, ಮೂಳೆ ಸವೆಯಬಹುದು. ಮೊದಲೇ ಹೃದ್ರೋಗದ ಅಪಾಯ ಹೆಚ್ಚಿರುವ ಮೂತ್ರಪಿಂಡ ರೋಗಿಗಳಿಗೆ ಇದು ಸಣ್ಣ ಮಾತಲ್ಲ.

ಪ್ರಮಾಣ ಇಳಿಸಬೇಕೆ?

ಕ್ರಿಯಾಟಿನಿನ್ ಏರಿದೆ ಎಂಬ ಒಂದೇ ಕಾರಣಕ್ಕೆ ಲೆವೊಥೈರಾಕ್ಸಿನ್ ಪ್ರಮಾಣವನ್ನು ತಗ್ಗಿಸಬೇಕಿಲ್ಲ. ಥೈರಾಯ್ಡ್ ಕೊರತೆಯಿಂದಲೇ ಕ್ರಿಯಾಟಿನಿನ್ ಏರಿ, ಚಿಕಿತ್ಸೆಯ ನಂತರ ಇಳಿಯುವುದೂ ಉಂಟು. ಆದ್ದರಿಂದ ‘ಕಿಡ್ನಿಗೆ ಭಾರ’ ಎಂದು ಮಾತ್ರೆಯನ್ನು ತಾವಾಗಿಯೇ ನಿಲ್ಲಿಸುವುದು ತಪ್ಪು. ಮೂತ್ರದಲ್ಲಿ ಪ್ರೋಟೀನ್ ಹೆಚ್ಚಾಗಿ ಹೋಗುವವರಿಗೆ ಪ್ರಮಾಣ ಹೆಚ್ಚೇ ಬೇಕಾಗಬಹುದು. ಡಯಾಲಿಸಿಸ್‌ನಲ್ಲಿ ಈ ಹಾರ್ಮೋನ್ ಅಷ್ಟಾಗಿ ಹೊರಹೋಗದ ಕಾರಣ ಆ ದಿನ ಹೆಚ್ಚುವರಿ ಮಾತ್ರೆ ಅಗತ್ಯವಿಲ್ಲ.

ವೃದ್ಧರು ಹಾಗೂ ಹೃದ್ರೋಗಿಗಳಿಗೆ ಸಾಮಾನ್ಯವಾಗಿ 12.5ರಿಂದ 25 ಮೈಕ್ರೋಗ್ರಾಂನಿಂದ ಆರಂಭಿಸಿ ನಿಧಾನವಾಗಿ ಏರಿಸಲಾಗುತ್ತದೆ. ಪ್ರಮಾಣ ಬದಲಾದ 6ರಿಂದ 8 ವಾರಗಳ ನಂತರ ಟಿಎಸ್‌ಎಚ್ ಪರೀಕ್ಷೆ ಅವಶ್ಯ.

ಪಾಲಿಸಬೇಕಾದ ಕ್ರಮ

* ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ನೀರಿನೊಂದಿಗೆ ಮಾತ್ರ ಸೇವಿಸಿ. ಚಹಾ, ಉಪಾಹಾರ ಅರ್ಧದಿಂದ ಒಂದು ಗಂಟೆಯ ನಂತರ ಇರಲಿ. ನೀರಿನ ಮಿತಿ ಇರುವವರು ಈ ನೀರನ್ನೂ ದಿನದ ಲೆಕ್ಕಕ್ಕೆ ಸೇರಿಸಬೇಕು.

* ಕ್ಯಾಲ್ಸಿಯಂ, ಕಬ್ಬಿಣಾಂಶ, ಸೆವೆಲಾಮರ್ ಹಾಗೂ ಆಮ್ಲಪಿತ್ತ ಶಮನದ ಔಷಧಗಳಿಗೆ 4 ಗಂಟೆಗಳ ಅಂತರವಿರಲಿ. ಉಪಾಹಾರದೊಂದಿಗೇ ಸೆವೆಲಾಮರ್ ಸೇವಿಸಬೇಕಾದವರು, ರಾತ್ರಿ ಊಟವಾಗಿ 4 ಗಂಟೆಗಳ ನಂತರ ಥೈರಾಯ್ಡ್ ಮಾತ್ರೆ ಸೇವಿಸಬಹುದೇ ಎಂದು ವೈದ್ಯರನ್ನು ಕೇಳಬೇಕು.

* ಒಂದು ದಿನ ಮರೆತರೆ ಮರುದಿನ ಎರಡು ಮಾತ್ರೆ ನುಂಗಬಾರದು.

* ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಈ ಭಾಗದಲ್ಲಿ ಮಾತ್ರೆಗಳನ್ನು ಬಿಸಿಲು, ತೇವ ತಾಗದ ತಂಪು ಜಾಗದಲ್ಲಿಡಬೇಕು.

ಎದೆನೋವು, ಉಸಿರಾಟದ ತೊಂದರೆ ಅಥವಾ ಎದೆಬಡಿತದಲ್ಲಿ ಏರುಪೇರು ಕಂಡುಬಂದರೆ ತಡಮಾಡದೆ ಆಸ್ಪತ್ರೆಗೆ ತೆರಳಬೇಕು. ಯಾವ ವೈದ್ಯರ ಬಳಿ ಹೋದರೂ ಎರಡೂ ಚೀಟಿಗಳನ್ನು, ಸೇವಿಸುತ್ತಿರುವ ಎಲ್ಲ ಮಾತ್ರೆಗಳನ್ನು ಒಂದೇ ಚೀಲದಲ್ಲಿ ಒಯ್ದು ತೋರಿಸುವುದು ಎಲ್ಲಕ್ಕಿಂತ ಸುಲಭದ ಮುನ್ನೆಚ್ಚರಿಕೆ.