ಎರಡು ಪೆಟ್ಟುಗಳ ನಡುವೆ ಹುಟ್ಟಿದ ರೆಗೇ

ತೊಡೆಯ ಮೇಲೆ ನಿಧಾನವಾಗಿ ಒಂದು, ಎರಡು, ಮೂರು, ನಾಲ್ಕು ಎಂದು ತಾಳ ಹಾಕಿ. ಈಗ ಎರಡು ಪೆಟ್ಟುಗಳ ನಡುವೆ, ಕೈ ಮೇಲೆದ್ದಿರುವ ಗಳಿಗೆಯಲ್ಲಿ, ಬಾಯಲ್ಲಿ ‘ಚಕ್’ ಎನ್ನಿ. ಪೆಟ್ಟು ಬೀಳುವಾಗ ಬಾಯಿ ಸುಮ್ಮನಿರಬೇಕು. ನಾಲ್ಕು ಸುತ್ತು ಮುಗಿಯುವಷ್ಟರಲ್ಲಿ ಭುಜ ತಾನಾಗಿ ಅಲುಗತೊಡಗುತ್ತದೆ. ಜಮೈಕಾ ಸಂಗೀತದ ಜೀವ ಇರುವುದು ಈ ‘ಚಕ್’ನಲ್ಲಿ. ಅಲ್ಲಿನ ಗಿಟಾರ್ ಪೆಟ್ಟಿನ ಮೇಲೆ ಕೂರುವುದಿಲ್ಲ, ಪೆಟ್ಟು ಬಿಟ್ಟುಕೊಟ್ಟ ಜಾಗದಲ್ಲಿ ನುಡಿಯುತ್ತದೆ.

ಜಮೈಕಾ ನಮ್ಮ ಬೆಳಗಾವಿ ಜಿಲ್ಲೆಗಿಂತ ಚಿಕ್ಕ ದ್ವೀಪ. 1962ರ ಆಗಸ್ಟ್ 6ರಂದು ಬ್ರಿಟಿಷರಿಂದ ಸ್ವತಂತ್ರವಾದಾಗ ಅಲ್ಲಿದ್ದವರು ಸುಮಾರು 16 ಲಕ್ಷ ಜನ. ಅಷ್ಟು ಪುಟ್ಟ ನೆಲದಲ್ಲಿ ಹತ್ತು ಹನ್ನೆರಡು ವರ್ಷಗಳೊಳಗೆ ಸ್ಕಾ, ರಾಕ್‌ಸ್ಟೆಡಿ, ರೆಗೇ, ಡಬ್ ಎಂಬ ನಾಲ್ಕು ಪ್ರಕಾರಗಳು ಒಂದರ ಬೆನ್ನಿಗೆ ಒಂದು ಹುಟ್ಟಿದವು. ಜನಪ್ರಿಯ ಸಂಗೀತ ಹೇಗೆ ಬೆಳೆಯುತ್ತದೆ ಎಂದು ಕಲಿಯಲು ಇದಕ್ಕಿಂತ ಒಳ್ಳೆಯ ಪಾಠಶಾಲೆ ನನಗೆ ಕಂಡಿಲ್ಲ. ಇಲ್ಲಿನ ಒಂದೊಂದು ತಿರುವಿನಲ್ಲೂ ಏನೋ ಒಂದು ಕೊರತೆ ಇತ್ತು. ಅದನ್ನು ಜನ ಕುಣಿಯುತ್ತಲೇ ತುಂಬಿಕೊಂಡರು.

ಅಂಗಳಕ್ಕೆ ಬಂದ ಸೌಂಡ್ ಸಿಸ್ಟಂ

1950ರ ದಶಕದ ಕಿಂಗ್‌ಸ್ಟನ್ ನಗರದಲ್ಲಿ ವಾದ್ಯಗೋಷ್ಠಿ ಕರೆಸುವ ಶಕ್ತಿ ಬಡಕೇರಿಗಳಿಗೆ ಇರಲಿಲ್ಲ. ಆಗ ಬಂದದ್ದು ‘ಸೌಂಡ್ ಸಿಸ್ಟಂ’: ಒಂದು ಟರ್ನ್‌ಟೇಬಲ್, ಒಂದು ಆಂಪ್ಲಿಫೈಯರ್, ಬೀರುವಿನಷ್ಟು ದೊಡ್ಡ ಸ್ಪೀಕರ್ ಪೆಟ್ಟಿಗೆಗಳು. ಎಲ್ಲಾದರೂ ಅಂಗಳದಲ್ಲಿ ಇಳಿಸಿದರೆ ಸಾಕು, ರಾತ್ರಿಯಿಡೀ ಕುಣಿತ. ಹಾಕುತ್ತಿದ್ದದ್ದು ಅಮೆರಿಕದ ಕಪ್ಪು ಜನರ ರಿದಂ ಅಂಡ್ ಬ್ಲೂಸ್ ರೆಕಾರ್ಡುಗಳು. ಡ್ಯೂಕ್ ರೀಡ್ ಮತ್ತು ಕಾಕ್ಸನ್ ಡಾಡ್ ಎಂಬ ಸೌಂಡ್ ಸಿಸ್ಟಂ ಒಡೆಯರ ನಡುವೆ ಜಿದ್ದಾಜಿದ್ದಿ ಇತ್ತು. ಒಳ್ಳೆಯ ರೆಕಾರ್ಡ್ ಸಿಕ್ಕರೆ ಅದು ಯಾರದೆಂದು ಎದುರಾಳಿಗೆ ತಿಳಿಯದಂತೆ ಲೇಬಲ್ಲನ್ನೇ ಕೆರೆದು ಹಾಕುತ್ತಿದ್ದರು.

ದಶಕದ ಕೊನೆಗೆ ಅಮೆರಿಕದ ರುಚಿ ರಾಕ್ ಅಂಡ್ ರೋಲ್ ಕಡೆ ಹೊರಳಿತು. ಕಿಂಗ್‌ಸ್ಟನ್ ಬಯಸುತ್ತಿದ್ದ ರೆಕಾರ್ಡುಗಳು ಬರುವುದು ಕಡಿಮೆಯಾಯಿತು. ಸರಿ, ನಾವೇ ಮಾಡೋಣ ಎಂದು ಸೌಂಡ್ ಸಿಸ್ಟಂ ಒಡೆಯರು ಸ್ಥಳೀಯ ಕಲಾವಿದರನ್ನು ಸ್ಟುಡಿಯೊಗೆ ಕರೆತಂದರು. ಹಳ್ಳಿಯ ಮೆಂಟೊ ಹಾಡುಗಳ ಬ್ಯಾಂಜೊ ಮೀಟು, ಬ್ಲೂಸ್‌ನ ಓಟ, ಜಾಝ್ ಕಲಿತವರ ತುತ್ತೂರಿ ಸೇರಿ ಸ್ಕಾ ಆಯಿತು. ಆ ತುತ್ತೂರಿಯವರಲ್ಲಿ ಹಲವರು ಕ್ಯಾಥೊಲಿಕ್ ಸನ್ಯಾಸಿನಿಯರು ಬಡ ಹುಡುಗರಿಗಾಗಿ ನಡೆಸುತ್ತಿದ್ದ ಆಲ್ಫಾ ಬಾಯ್ಸ್ ಸ್ಕೂಲಿನ ಬ್ಯಾಂಡಿನಲ್ಲಿ ಕಲಿತವರು. ಡಾನ್ ಡ್ರಮಂಡ್, ಟಾಮಿ ಮೆಕುಕ್ ಅಲ್ಲಿಂದಲೇ ಬಂದವರು. 1964ರಲ್ಲಿ ಅವರಿದ್ದ ಸ್ಕಟಲೈಟ್ಸ್ ತಂಡ ಹೊಸ ದೇಶದ ಉತ್ಸಾಹಕ್ಕೆ ದನಿಯಾಯಿತು.

ನಿಧಾನವಾದ ಹೆಜ್ಜೆ

1966ರ ಹೊತ್ತಿಗೆ ಹೆಜ್ಜೆ ನಿಧಾನವಾಯಿತು. ಆ ವರ್ಷದ ಸೆಕೆಯಲ್ಲಿ ಸ್ಕಾ ವೇಗಕ್ಕೆ ಕುಣಿಯಲಾಗಲಿಲ್ಲ ಎಂಬ ಕತೆಯನ್ನು ಅಲ್ಲಿ ಈಗಲೂ ಹೇಳುತ್ತಾರೆ. ತುತ್ತೂರಿಗಳು ಹಿಂದೆ ಸರಿದವು, ಬೇಸ್ ಗಿಟಾರ್ ಮುಂದೆ ಬಂತು, ಪ್ರೇಮಗೀತೆಗಳ ರಾಕ್‌ಸ್ಟೆಡಿ ಹುಟ್ಟಿತು. ಅದು ಬಾಳಿದ್ದು ಎರಡೇ ವರ್ಷ. 1968ರಲ್ಲಿ ಮೇಟಲ್ಸ್ ತಂಡದ ಹಾಡೊಂದರ ಹೆಸರಿನಲ್ಲಿ ‘ರೆಗೇ’ ಎಂಬ ಪದ ಕಾಣಿಸಿಕೊಂಡಿತು.

ರೆಗೇ ಡ್ರಮ್ಮಿನಲ್ಲಿ ಒಂದು ವಿಶೇಷವಿದೆ. ನಾಲ್ಕು ಎಣಿಕೆಯ ಮೊದಲನೆಯದನ್ನು ಖಾಲಿ ಬಿಟ್ಟು ಮೂರನೆಯದರ ಮೇಲೆ ಭಾರ ಹಾಕುವ ಈ ನಡೆಗೆ ‘ಒನ್ ಡ್ರಾಪ್’ ಎನ್ನುತ್ತಾರೆ. ನಮ್ಮ ಕಿವಿ ಸಮಕ್ಕಾಗಿ ಕಾಯುತ್ತದೆ, ಅಲ್ಲಿ ಮೌನ ಸಿಗುತ್ತದೆ. ಆ ಮೌನದಲ್ಲೇ ಬಾಬ್ ಮಾರ್ಲಿಯಂಥ ಗಾಯಕರು ರಾಸ್ತಫಾರಿ ಎಂಬ ಧಾರ್ಮಿಕ ನಂಬಿಕೆಯನ್ನೂ ಗುಲಾಮಗಿರಿಯ ನೆನಪನ್ನೂ ಟ್ರೆಂಚ್‌ಟೌನ್ ಕೇರಿಯ ಹಸಿವನ್ನೂ ಇಟ್ಟರು. 1973ರ ‘ಕ್ಯಾಚ್ ಎ ಫೈರ್’ ಆಲ್ಬಂ ಮೂಲಕ ಆ ದನಿ ದ್ವೀಪ ದಾಟಿತು. 1981ರಲ್ಲಿ ಮಾರ್ಲಿ ತೀರಿಕೊಂಡಾಗ ವಯಸ್ಸು ಬರೀ 36.

ಹಾಡುಗಾರನಿಲ್ಲದ ಹಾಡು

ನನಗೆ ಎಲ್ಲಕ್ಕಿಂತ ಪ್ರಿಯವಾದ ಗಳಿಗೆ ಬೇರೆಯೇ ಇದೆ. 1960ರ ದಶಕದ ಕೊನೆಯ ಭಾಗ. ರಡ್ಡಿ ರೆಡ್‌ವುಡ್ ಎಂಬ ಸೌಂಡ್ ಸಿಸ್ಟಂ ಒಡೆಯನಿಗಾಗಿ ರೆಕಾರ್ಡ್ ಕೊರೆಯುತ್ತಿದ್ದ ಎಂಜಿನಿಯರ್ ಪ್ಯಾರಗನ್ಸ್ ತಂಡದ ಹಾಡೊಂದಕ್ಕೆ ಗಾಯನ ಸೇರಿಸುವುದನ್ನೇ ಮರೆತ. ರೆಡ್‌ವುಡ್ ಅದನ್ನು ಎಸೆಯಲಿಲ್ಲ, ಕುಣಿತದ ನಡುವೆ ಹಾಕಿದ. ವಾದ್ಯ ಮಾತ್ರ ಕೇಳಿಸಿತು. ಒಂದೇ ಕ್ಷಣದಲ್ಲಿ ಜನರಿಗೆ ಅರ್ಥವಾಯಿತು, ಇಡೀ ಗುಂಪು ತಾನೇ ಹಾಡತೊಡಗಿತು.

ಅಂದಿನಿಂದ ರೆಕಾರ್ಡಿನ ಹಿಂಬದಿಯಲ್ಲಿ ಗಾಯನವಿಲ್ಲದ ‘ವರ್ಷನ್’ ಇರುವುದು ವಾಡಿಕೆಯಾಯಿತು. ರೇಡಿಯೊ, ಆಂಪ್ಲಿಫೈಯರ್ ರಿಪೇರಿ ಮಾಡುತ್ತಿದ್ದ ಕಿಂಗ್ ಟಬ್ಬಿ ಅದನ್ನು ಇನ್ನೂ ಮುಂದಕ್ಕೆ ಒಯ್ದ. ಮಿಕ್ಸಿಂಗ್ ಬೋರ್ಡಿನ ಮುಂದೆ ಕೂತು ದನಿಯನ್ನು ತಟ್ಟನೆ ನಿಲ್ಲಿಸುವುದು, ಗಿಟಾರಿನ ಒಂದು ಮೀಟನ್ನು ಮಾತ್ರ ಪ್ರತಿಧ್ವನಿಯಲ್ಲಿ ತೇಲಿಬಿಡುವುದು, ಮತ್ತೆ ಡ್ರಮ್ಮನ್ನು ಕರೆತರುವುದು. ಇದೇ ಡಬ್. ಆ ಖಾಲಿ ಜಾಗದಲ್ಲಿ ಯು-ರಾಯ್ ಎಂಬಾತ ಮೈಕ್ ಹಿಡಿದು ಪ್ರಾಸ ಕಟ್ಟಿ ಮಾತಾಡಿದ.

ಈ ಕತೆ ದ್ವೀಪದಲ್ಲೇ ನಿಲ್ಲಲಿಲ್ಲ. 1955ರಲ್ಲಿ ಕಿಂಗ್‌ಸ್ಟನ್‌ನಲ್ಲಿ ಹುಟ್ಟಿದ ಕ್ಲೈವ್ ಕ್ಯಾಂಬೆಲ್ ಹುಡುಗನಾಗಿದ್ದಾಗಲೇ ನ್ಯೂಯಾರ್ಕಿನ ಬ್ರಾಂಕ್ಸ್ ಸೇರಿದ. ಊರಿನ ಸೌಂಡ್ ಸಿಸ್ಟಂ ನೆನಪನ್ನು ಜೊತೆಗೆ ಒಯ್ದಿದ್ದ. 1973ರ ಆಗಸ್ಟ್ 11ರಂದು ತಂಗಿ ಸಿಂಡಿ ಏರ್ಪಡಿಸಿದ್ದ ಪಾರ್ಟಿಯಲ್ಲಿ ಡಿಜೆ ಕೂಲ್ ಹರ್ಕ್ ಎಂಬ ಹೆಸರಿನಲ್ಲಿ ರೆಕಾರ್ಡ್ ಹಾಕಿದ. ಆ ಸಂಜೆಯನ್ನು ಹಿಪ್‌ಹಾಪ್‌ನ ಹುಟ್ಟುಹಬ್ಬ ಎಂದು ಆಚರಿಸುತ್ತಾರೆ.

2018ರಲ್ಲಿ ಯುನೆಸ್ಕೊ ರೆಗೇಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ಗೌರವ ಸಲ್ಲಬೇಕಾದದ್ದೇ. ಆದರೂ ಈ ಸಂಗೀತದ ಪರಂಪರೆ ನನಗೆ ಹೆಚ್ಚು ಹತ್ತಿರದಲ್ಲಿ ಕಾಣುವುದು ನಮ್ಮ ಕಾಲೇಜು ವೇದಿಕೆಗಳಲ್ಲಿ. ಹುಡುಗನೊಬ್ಬ ಫೋನಿನಲ್ಲಿ ಗಾಯನವಿಲ್ಲದ ಬೀಟ್ ಹಚ್ಚಿ, ತನ್ನೂರಿನ ಕನ್ನಡದಲ್ಲಿ ಪ್ರಾಸ ಕಟ್ಟಿ ರ್‍ಯಾಪ್ ಮಾಡುತ್ತಾನೆ. ಅವನು ನಿಂತಿರುವುದು ಕಿಂಗ್‌ಸ್ಟನ್‌ನ ಒಂದು ಅಂಗಳದಲ್ಲಿ ದನಿ ಇಲ್ಲದೆ ಉಳಿದ ಆ ಜಾಗದಲ್ಲೇ.