ಮರಳು ಬಂಡೆಯಾದ ಬಗೆ, ಬಂಡೆಗೆ ಬಣ್ಣ ಬಂದ ಬಗೆ

ಹಾಸನ ಜಿಲ್ಲೆಯ ಹೊಳೆನರಸೀಪುರದ ಸುತ್ತಮುತ್ತ ಹಸಿರು ಬಂಡೆಗಳಿವೆ. ಪಾಚಿ ಕಟ್ಟಿ ಬಂದ ಹಸಿರಲ್ಲ, ಕಲ್ಲಿನೊಳಗಿನದೇ ಹಸಿರು. ಒಡೆದ ಚೂರನ್ನು ಬಿಸಿಲಿಗೆ ಹಿಡಿದು ಹೊರಳಿಸಿದರೆ ಅದರ ಮೈತುಂಬ ಅಭ್ರಕದ ತೆಳು ಹಾಳೆಗಳು ಮಿಂಚುತ್ತವೆ. ಭೂವಿಜ್ಞಾನಿಗಳು ಇದನ್ನು ಫುಕ್ಸೈಟ್ ಕ್ವಾರ್ಟ್ಜೈಟ್ ಎನ್ನುತ್ತಾರೆ. ಇದರಲ್ಲಿ ಸಿಗುವ ಜಿರ್ಕಾನ್ ಎಂಬ ಖನಿಜದ ಕಣಗಳಿಗೆ 300 ಕೋಟಿ ವರ್ಷ ಮೀರಿದ ವಯಸ್ಸು. ಇಷ್ಟು ಗಟ್ಟಿಯಾದ ಈ ಬಂಡೆ ಒಂದು ಕಾಲಕ್ಕೆ ಮುಷ್ಟಿಯಿಂದ ಜಾರಿಹೋಗುವ ಮರಳಾಗಿತ್ತು.

ಗ್ರಾನೈಟಿನಂಥ ಬಂಡೆ ಮಳೆಗಾಳಿಗೆ ಸಿಕ್ಕಿ ಶಿಥಿಲವಾದಾಗ ಅದರ ಫೆಲ್ಡ್‌ಸ್ಪಾರ್ ಜೇಡಿಯಾಗುತ್ತದೆ, ಅಭ್ರಕ ನೀರಿನಲ್ಲಿ ತೇಲಿಹೋಗುತ್ತದೆ. ಉಳಿಯುವುದು ಬೆಣಚು, ಎಂದರೆ ಕ್ವಾರ್ಟ್ಜ್. ಅದು ಸುಲಭಕ್ಕೆ ಕರಗುವುದಿಲ್ಲ, ಬೇಗ ಸವೆಯುವುದೂ ಇಲ್ಲ. ಹೊಳೆಯೂ ಅಲೆಯೂ ಅದನ್ನು ಉರುಳಿಸಿ, ತೊಳೆದು, ದಡದಲ್ಲಿ ರಾಶಿ ಹಾಕುತ್ತವೆ. ಮೇಲೆ ಮೇಲೆ ಕೆಸರು ಕೂತು ಆ ರಾಶಿ ಆಳಕ್ಕೆ ಇಳಿದಾಗ, ಕಣಗಳ ನಡುವೆ ಹರಿಯುವ ನೀರು ತನ್ನಲ್ಲಿ ಕರಗಿದ ಸಿಲಿಕವನ್ನು ಅಲ್ಲೇ ಬಿಟ್ಟು ಅವನ್ನು ಬೆಸೆಯುತ್ತದೆ. ಈ ಹಂತದಲ್ಲಿ ಅದು ಮರಳುಗಲ್ಲು. ಸಿಲಿಕದ ಬೆಸುಗೆ ಸಂದುಗಳನ್ನೆಲ್ಲ ತುಂಬಿದರೆ ಅದೊಂದರಿಂದಲೇ ಕಲ್ಲು ಕ್ವಾರ್ಟ್ಜೈಟಿನಷ್ಟು ಗಟ್ಟಿಯಾಗುವುದುಂಟು.

ಇನ್ನೂ ಆಳದಲ್ಲಿ, 300 ಡಿಗ್ರಿ ಸೆಲ್ಸಿಯಸ್ ದಾಟಿದ ಶಾಖ ಮತ್ತು ಬೆಟ್ಟಗಳನ್ನೇ ಮಡಚುವ ಒತ್ತಡಕ್ಕೆ ಸಿಕ್ಕರೆ ಮರಳಿನ ಕಣ ಕರಗದೆಯೇ ಹೊಸದಾಗಿ ಹರಳುಗಟ್ಟುತ್ತದೆ. ದುಂಡಗಿದ್ದ ಕಣಗಳ ಅಂಚುಗಳು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ, ಸಂದು ಎಂಬುದೇ ಉಳಿಯುವುದಿಲ್ಲ. ಆಗ ಅದು ಕ್ವಾರ್ಟ್ಜೈಟ್. ಸುತ್ತಿಗೆಯಿಂದ ಹೊಡೆದು ನೋಡಿ: ಸಾಮಾನ್ಯ ಮರಳುಗಲ್ಲು ಕಣಗಳ ಸಂದಿನಲ್ಲಿ ಬಿರಿದು ಕೈಗೆ ಮರಳು ಅಂಟಿಸುತ್ತದೆ, ಕ್ವಾರ್ಟ್ಜೈಟ್ ಕಣಗಳನ್ನೇ ಸೀಳಿಕೊಂಡು ಗಾಜಿನಂಥ ಹೊಳಪಿನಲ್ಲಿ ಒಡೆಯುತ್ತದೆ. ಸವದತ್ತಿ ಹತ್ತಿರ ನವಿಲುತೀರ್ಥದಲ್ಲಿ ಮಲಪ್ರಭೆ ಗಟ್ಟಿ ಕ್ವಾರ್ಟ್ಜೈಟಿನ ಸಾಲನ್ನೇ ಕೊರೆದು ದಾರಿ ಮಾಡಿಕೊಂಡಿದ್ದಾಳೆ. ಕಲಾದಗಿ ಶಿಲಾಸಮೂಹಕ್ಕೆ ಸೇರಿದ ಆ ಸೀಮೆಯ ಕಲ್ಲುಗಳ ಮೇಲೆ, ನೂರು ಕೋಟಿ ವರ್ಷಗಳಿಗೂ ಹಿಂದೆ ಆಳವಿಲ್ಲದ ನೀರಿನಲ್ಲಿ ಮೂಡಿದ ಅಲೆಯ ಗೀರುಗಳು ಇವತ್ತಿಗೂ ಕಾಣುತ್ತವೆ.

ಇನ್ನು ಬಣ್ಣ. ಶುದ್ಧ ಬೆಣಚಿಗೆ ಬಣ್ಣವೇ ಇಲ್ಲ. ಅದರ ಬಂಡೆ ಬಿಳಿ ಅಥವಾ ಬೂದು. ಉಳಿದ ಬಣ್ಣವೆಲ್ಲ ಮರಳಿನ ಜೊತೆ ಬಂದದ್ದು ಅಥವಾ ಆಮೇಲೆ ಒಳಸೇರಿದ್ದು. ಕಣಗಳ ಮೇಲೆ ಹೆಮಟೈಟ್ ಎಂಬ ಕಬ್ಬಿಣದ ಆಕ್ಸೈಡಿನ ತೆಳುಪೊರೆ ಇದ್ದರೆ ಸಾಕು, ಇಡೀ ಬಂಡೆ ಗುಲಾಬಿಯೋ ಕೆಂಪೋ ಆಗುತ್ತದೆ. ನೀರು ಬೆರೆತ ಕಬ್ಬಿಣದ ಆಕ್ಸೈಡು ಹಳದಿ, ಕಂದು ಕೊಡುತ್ತದೆ. ಬಂಡೆ ಗಟ್ಟಿಯಾಗಿ ಎಷ್ಟೋ ಕಾಲದ ಮೇಲೂ ಬಿರುಕುಗಳಲ್ಲಿ ಇಳಿದ ನೀರು ಇಂಥ ಪಟ್ಟೆಗಳನ್ನು ಬರೆಯಬಲ್ಲದು. ಬ್ರೆಜಿಲ್‌ನಿಂದ ಬರುವ ನೀಲಿ ಕ್ವಾರ್ಟ್ಜೈಟಿಗೆ ಆ ಬಣ್ಣ ಕೊಟ್ಟದ್ದು ಡ್ಯುಮಾರ್ಟಿಯರೈಟ್ ಎಂಬ ಖನಿಜ.

ಹೊಳೆನರಸೀಪುರದ ಹಸಿರು ಕ್ರೋಮಿಯಂ ಕೊಟ್ಟದ್ದು. ಬಿಳಿ ಅಭ್ರಕದಲ್ಲಿ ಅಲ್ಯೂಮಿನಿಯಂ ಇರಬೇಕಾದ ಕೆಲವು ಜಾಗಗಳಲ್ಲಿ ಕ್ರೋಮಿಯಂ ಕೂತಾಗ ಅದು ಹಸಿರು ಫುಕ್ಸೈಟ್ ಆಗುತ್ತದೆ. ಕ್ರೋಮಿಯಂ ಬೆಣಚಿನದಲ್ಲ, ಭೂಗರ್ಭದಿಂದ ಬಂದ ಮೆಗ್ನೀಸಿಯಂ ತುಂಬಿದ ಕಪ್ಪು ಶಿಲೆಗಳದು. ಆ ಶಿಲೆಗಳು ಸವೆದಾಗ ಅವುಗಳ ಕ್ರೋಮೈಟ್ ಕಣಗಳು ಬಿಳಿ ಮರಳಿನೊಂದಿಗೆ ಬೆರೆತವು, ಶಾಖ ತಗುಲಿದಾಗ ಅವುಗಳ ಕ್ರೋಮಿಯಂ ಅಭ್ರಕ ಸೇರಿತು. ಅದೇ ಜಿಲ್ಲೆಯ ನುಗ್ಗೇಹಳ್ಳಿ ಸೀಮೆಯಲ್ಲಿ ಅಂಥ ಶಿಲೆಗಳಿವೆ. ಅಲ್ಲಿನ ಬೈರಾಪುರದ ಗಣಿಯಿಂದ ಕ್ರೋಮೈಟ್ ಅದಿರನ್ನೇ ತೆಗೆದಿದ್ದಾರೆ. ಇಲ್ಲಿ ಬಣ್ಣವೆಂದರೆ ಪುರಾವೆ. ಈ ಮರಳಿಗೆ ಯಾವ ಬೆಟ್ಟಗಳು ಸವೆದುಬಂದವು ಎನ್ನುವುದನ್ನು, ಆ ಬೆಟ್ಟಗಳೇ ಇಲ್ಲವಾದ ಮೇಲೂ, ಹಸಿರು ಹೇಳುತ್ತಿದೆ. ನಮ್ಮ ನಾಡಿನ ಕಲ್ಲುಗಳಲ್ಲಿ ಇದರಷ್ಟು ನನ್ನನ್ನು ಬೆರಗುಗೊಳಿಸಿದ್ದು ಕಡಿಮೆ.

ಈಗ ಅಡುಗೆಕಟ್ಟೆಗೂ ಕ್ವಾರ್ಟ್ಜೈಟ್ ಬರುತ್ತಿದೆ. ಕೊಳ್ಳುವ ಮುನ್ನ ಅಂಗಡಿಯವರಿಂದ ಒಂದು ಚೂರು ಕೇಳಿ ಪಡೆಯಿರಿ. ಚಾಕುವಿನ ತುದಿಯಿಂದ ಗೀರಿ ನೋಡಿ. ಗೀರು ಬಿದ್ದು ಬಿಳಿ ಪುಡಿ ಎದ್ದರೆ ಅದು ಅಮೃತಶಿಲೆಯ ಜಾತಿಯದು. ನಿಂಬೆರಸ ಬಿದ್ದರೆ ಹೊಳಪು ಹೋಗುತ್ತದೆ. ಕಲ್ಲಿನ ಬದಲು ಚಾಕುವೇ ಸವೆದು ಬೂದು ಗುರುತು ಬಿಟ್ಟರೆ ಕ್ವಾರ್ಟ್ಜೈಟ್ ಇರಬಹುದು. ‘ಕ್ವಾರ್ಟ್ಜ್’ ಎಂದಷ್ಟೇ ಹೆಸರಿಟ್ಟು ಮಾರುವ ಹಲಗೆ ಮಾತ್ರ ಬೇರೆ: ಬೆಣಚಿನ ಪುಡಿಗೆ ರಾಳ ಬೆರೆಸಿ ಕಾರ್ಖಾನೆಯಲ್ಲಿ ಒತ್ತಿದ್ದು, ಬಣ್ಣವನ್ನೂ ಅಲ್ಲೇ ಸೇರಿಸಿರುತ್ತಾರೆ.